ಉಯಿಲಿನ ಫೀಸು

ನನ್ನ ಶಿಷ್ಯನೊಬ್ಬ ಲಾ ಮುಗಿಸಿ, ಉಯಿಲು, ಆಸ್ತಿಪತ್ರಗಳ ವಕೀಲಿಯನ್ನೇ ಹಿಡಿಯುತ್ತೇನೆಂದ. ಹೊಟ್ಟೆ ತುಂಬೀತೇ? ನಂಜನಗೂಡು, ನರಸೀಪುರ ಎರಡು ಕೋರ್ಟುಗಳಿಗೂ ಓಡಾಡುವ ಹಿರಿಯ ವಕೀಲರೊಬ್ಬರ ಬಳಿ ಅವನನ್ನು ಕರೆದೊಯ್ದೆ.

ಅವರು ನಕ್ಕರು. “ಉಯಿಲು ಬರೆದರೆ ಒಂದು ದಿನದ ಫೀಸು, ಮೇಷ್ಟ್ರೇ. ಬರೆಯದೆ ಹೋದರೆ ಪಾಲಿನ ದಾವೆ. ಇಪ್ಪತ್ತು ವರ್ಷದ ಅನ್ನ!” ಉಯಿಲಿಗೆ ಬರೆಸಿದವರ ರುಜು, ಇಬ್ಬರು ಸಾಕ್ಷಿಗಳಿದ್ದರೆ ಸಾಕು, ನೋಂದಣಿಯೂ ಕಡ್ಡಾಯವಲ್ಲ. ಇನ್ನು ಗೆದ್ದುಕೊಟ್ಟ ಜಮೀನಿನಲ್ಲಿ ಪಾಲು ಕೇಳೋಣವೆಂದರೆ ವಕೀಲರಿಗೆ ಅವರ ನಿಯಮವೇ ಅಡ್ಡ.

ನನಗೆ ನಗು ಬರಲಿಲ್ಲ. ನರಸೀಪುರದ ಬಳಿ ನಮಗೂ ಪಿತ್ರಾರ್ಜಿತ ಗದ್ದೆಯಿದೆ. ತಂದೆ ಉಯಿಲು ಬರೆಯಲಿಲ್ಲ. ತಂಗಿಯ ರುಜುವಿಗೆಂದು ಸಿದ್ಧಪಡಿಸಿದ ಹಕ್ಕು ಖುಲಾಸೆ ಪತ್ರದ ಕರಡು ನನ್ನ ಚೀಲದಲ್ಲೇ ಇತ್ತು. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿಮಾಡಿತು ಎಂದು ತರಗತಿಯಲ್ಲಿ ಹೊಗಳಿದ್ದವನೂ ನಾನೇ! ಬಂದದ್ದೇ ಬಂದೆನಲ್ಲ ಎಂದು ಕರಡನ್ನು ಮುಂದಿಟ್ಟೆ.

ಕನ್ನಡಕ ಏರಿಸಿ ಓದಿದರು. “ತಂಗಿಗೆ ಇದನ್ನು ಓದಿ ಹೇಳಿದ್ದೀರಾ?”

ಶಿಷ್ಯ ನನ್ನ ಮುಖ ನೋಡಿದ. ಕರಡು ಮತ್ತೆ ಚೀಲ ಸೇರಿತು.

ನರಸೀಪುರದ ಬಸ್ಸಿನಲ್ಲಿ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಊರು ಹತ್ತಿರವಾದಾಗ ಅವನು ಮೆಲ್ಲಗೆ, “ಸಾರ್, ಅವರಿಗೆ ಫೀಸು ಕೊಡಲೇ ಇಲ್ಲವಲ್ಲ” ಎಂದ.