ಸೂರಿನ ನೀರು

ನಿವೇಶನದ ಕ್ರಯಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಸಾವಧಾನವಾಗಿ ಓದಿದವರು ನಮ್ಮಲ್ಲಿ ಬಹಳ ಮಂದಿ ಇರಲಾರರು. ಕಾಸು ಹೊಂದಿಸಿ ಬಳಲಿದ ಮನುಷ್ಯ, ರಿಜಿಸ್ಟ್ರಾರರ ಕಚೇರಿಯ ನೂಕುನುಗ್ಗಲು, ‘ಇಲ್ಲೊಂದು ರುಜು, ಇಲ್ಲೊಂದು ರುಜು’ ಎಂದು ಬೆರಳು ತೋರಿಸುವ ಪತ್ರ ಬರಹಗಾರನ ಅವಸರ, ಇವುಗಳ ನಡುವೆ ಸಾಹಿತ್ಯದ ಆಸ್ವಾದನೆಗೆ ಸಮಯವೆಲ್ಲಿ? ಆದರೆ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಅಕ್ಷರ ಕಂಡರೆ ಓದದೆ ಬಿಡಲಾಗದು. ನಮ್ಮ ಮನೆಯ ಪತ್ರವನ್ನು ನಾನು ಓದಿದೆ. ಅದರ ನಡುವೆ ಒಂದು ಸಾಲು ಹಳೆಯ ಮಿತ್ರನಂತೆ ಎದುರಾಯಿತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳು. ವಿಜಯನಗರದ ಅರಸರು ಊರು ದಾನ ಕೊಟ್ಟಾಗ ಕಲ್ಲಿನ ಮೇಲೂ ತಾಮ್ರದ ಮೇಲೂ ಕೊರೆಸುತ್ತಿದ್ದ ಈ ಎಂಟು ಮಾತುಗಳು ನಮ್ಮ 30×40 ಅಡಿಯ ನಿವೇಶನದ ಮೇಲೂ ಕೃಪೆಯಿಟ್ಟು ಬಂದು ಕುಳಿತಿದ್ದುವು. ನಿಧಿ ಸಿಕ್ಕೀತೆಂಬ ಆಸೆ ನನಗಿರಲಿಲ್ಲ. ಪಾಷಾಣವಂತೂ ಬೇಕಾದಷ್ಟು ಸಿಕ್ಕಿತು. ಪಾಯ ತೋಡಿದವರು ಅದಕ್ಕೆ ಬೇರೆ ಕೂಲಿಯನ್ನೇ ಕೇಳಿದರು. ನನ್ನನ್ನು ಯೋಚನೆಗೆ ಹಚ್ಚಿದ್ದು ಮೂರನೆಯದು, ಜಲ.

ಯಾವ ಜಲ? ನೆಲದಡಿಯ ಜಲ ನಮ್ಮದೆಂಬ ವಿಷಯದಲ್ಲಿ ಬೆಂಗಳೂರಿನ ಗೃಹಸ್ಥನಿಗೆ ಎಳ್ಳಷ್ಟೂ ಸಂದೇಹವಿಲ್ಲ. ಅದಕ್ಕಾಗಿ ಸಾವಿರ ಅಡಿ ಕೊರೆಸಲು ಸಾಲ ಮಾಡಿಯಾದರೂ ಸಿದ್ಧನಾಗುತ್ತಾನೆ. ಆದರೆ ಅದೇ ನಿವೇಶನದ ಮೇಲೆ ಆಕಾಶದಿಂದ ಬಿದ್ದ ಜಲ? ಅದು ಮಾತ್ರ ನಮ್ಮದಲ್ಲ. ತಾರಸಿಗೆ ಬಿದ್ದ ಕ್ಷಣದಿಂದಲೇ ಅದನ್ನು ಹೊರಗಟ್ಟುವ ಏರ್ಪಾಡು ನಡೆಯುತ್ತದೆ. ಮೂಲೆಗೊಂದು ಕೊಳವೆ, ಅಂಗಳಕ್ಕೆ ಗೇಟಿನ ಕಡೆಗೆ ಓಟ, ಗೇಟಿನಾಚೆ ಬೀದಿ. ಬೀದಿಗೆ ಬಿದ್ದ ಮೇಲೆ ಅದು ಸರ್ಕಾರದ್ದು. ಸರ್ಕಾರದ್ದೆಂದರೆ ಯಾರದೂ ಅಲ್ಲದ್ದು. ಸ್ವತ್ತನ್ನು ಹೀಗೆ ಪರರಿಗೆ ಬಿಟ್ಟುಕೊಡುವ ಔದಾರ್ಯವನ್ನು ನಮ್ಮ ಜನ ಬೇರೆ ಯಾವ ವಿಷಯದಲ್ಲಿಯೂ ತೋರಿಸಿದ್ದನ್ನು ನಾನು ಕಂಡಿಲ್ಲ.

‘ಪರರು’ ಎಂದೆನಲ್ಲ, ಅವರು ಯಾರು ಎಂಬುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ಒಂದು ದಿಣ್ಣೆಯ ಬೆನ್ನಿನ ಮೇಲೆ ಕುಳಿತ ಊರು. ಅದರ ನೆತ್ತಿಗೆ ಬಿದ್ದ ಮಳೆ ಅಣ್ಣತಮ್ಮಂದಿರಂತೆ ಪಾಲಾಗಿ, ಒಂದು ಭಾಗ ವೃಷಭಾವತಿಯ ಕಣಿವೆಗಿಳಿದು ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಇನ್ನೊಂದು ಕೋರಮಂಗಲ, ಹೆಬ್ಬಾಳಗಳ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಯ ಕಡೆಗೆ. ಹಾಗಾಗಿ ಈ ಊರಿನಲ್ಲಿ ಮಟ್ಟಸವಾದ ಬೀದಿಯೇ ಅಪರೂಪ. ನಮ್ಮ ಬೀದಿಗೂ ಒಂದು ಇಳಿಜಾರು. ಎರಡು ಸಾಲಿನಿಂದ 22 ಮನೆಗಳು. ಕಟ್ಟಕಡೆಯ ತಗ್ಗಿನಲ್ಲಿ ಅಂಚೆ ಕಚೇರಿಯಿಂದ ನಿವೃತ್ತರಾದ ರಾಯರೊಬ್ಬರ ಮನೆ.

ರಾಯರು ಅಲ್ಲಿ ಮನೆ ಕಟ್ಟಿಸಿದಾಗ ಬೀದಿಯಲ್ಲಿ ನಾಲ್ಕೇ ಮನೆಗಳಿದ್ದುವಂತೆ. ಉಳಿದದ್ದೆಲ್ಲ ಖಾಲಿ ನಿವೇಶನ, ಹೊಂಗೆ, ಲಂಟಾನ, ಅಲ್ಲೊಂದು ಇಲ್ಲೊಂದು ಹುತ್ತ. ಎಷ್ಟೇ ಮಳೆ ಬರಲಿ, ಅವರ ಗೇಟಿನ ಮುಂದೆ ಕೆಂಪು ನೀರಿನ ಒಂದು ಗೆರೆ ಹರಿದು ಅಡಗುತ್ತಿತ್ತು. ಆಮೇಲೆ ಒಂದೊಂದೇ ಮನೆ ಎದ್ದಿತು. ಒಂದೊಂದು ಮನೆ ಎದ್ದಾಗಲೂ ರಾಯರ ಅಂಗಳದಲ್ಲಿ ನೀರು ಒಂದು ಬೆರಳು ಮೇಲೇರಿತು. ಈಚೆಗೆ ಕಟ್ಟುವವರು ಹಿತ್ತಲನ್ನೂ ಬಿಡುವುದಿಲ್ಲ. ಮಣ್ಣು ಕಾಲಿಗೆ ಹತ್ತುತ್ತದೆ, ಕಾರಿಗೆ ಹತ್ತುತ್ತದೆ ಎಂದು ಗೋಡೆಯಿಂದ ಗೋಡೆಗೆ ಗ್ರಾನೈಟ್ ಹಾಸುತ್ತಾರೆ. “ಮೂವತ್ತು ವರ್ಷ ಎಲ್ಲರ ಕಾಗದವನ್ನೂ ಅವರವರ ವಿಳಾಸಕ್ಕೆ ಮುಟ್ಟಿಸಿದೆ, ಸಾರ್. ಈಗ ಎಲ್ಲರ ನೀರೂ ನನ್ನ ವಿಳಾಸಕ್ಕೇ ಬರುತ್ತಿದೆ” ಎಂದು ರಾಯರು ಒಮ್ಮೆ ನಕ್ಕರು. ಆ ನಗು ನೋಡುವಂತಿರಲಿಲ್ಲ.

ಇದರ ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. 30×40ರ ನಿವೇಶನವೆಂದರೆ ಸುಮಾರು 111 ಚದರ ಮೀಟರು. 50 ಮಿಲಿಮೀಟರಿನ ಒಂದು ಜೋರುಮಳೆಗೆ ಅದರ ಮೇಲೆ 5500 ಲೀಟರು ಬೀಳುತ್ತದೆ; ನಮ್ಮ 22 ಮನೆಗಳ ಮೇಲೆ 1,21,000 ಲೀಟರು. ಹುಲ್ಲು, ಮಣ್ಣು, ಮರವಿದ್ದ ಕಾಲದಲ್ಲಿ ಅದರಲ್ಲಿ ಬಹುಪಾಲು ಅಲ್ಲಲ್ಲೇ ಇಂಗಿ, ಉಳಿದದ್ದು ನಿಧಾನವಾಗಿ ಜಾರುತ್ತಿತ್ತು. ತಾರಸಿ, ಸಿಮೆಂಟುಗಳ ಮೇಲೆ ಬಿದ್ದದ್ದರಲ್ಲಿ ನೂರಕ್ಕೆ 80-90 ಭಾಗ ಹರಿದೇ ಹೋಗುತ್ತದೆಂದು ಎಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಅದಕ್ಕಿಂತ ಕೆಟ್ಟದ್ದು ಅದರ ಓಟ. ಹಿಂದೆ ಅರ್ಧ ದಿನ ತೆಗೆದುಕೊಳ್ಳುತ್ತಿದ್ದ ನೀರು ಈಗ ಅರ್ಧ ಗಂಟೆಯಲ್ಲಿ ರಾಯರ ಬಾಗಿಲು ತಟ್ಟುತ್ತದೆ. ಮೋರಿಯಾದರೋ ನಾಲ್ಕು ಮನೆಗಳಿದ್ದಾಗ ತೋಡಿದ್ದು.

ಸ್ವಾರಸ್ಯವೇನೆಂದರೆ, ಆ 1,21,000 ಲೀಟರು ನೀರನ್ನು 6000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 20 ಟ್ಯಾಂಕರುಗಳಾಗುತ್ತವೆ. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಊರಿಗೆ ಊರೇ ನೀರಿಗೆ ಪರದಾಡಿದಾಗ, ಒಂದೊಂದು ಟ್ಯಾಂಕರಿಗೂ ನಮ್ಮ ಬೀದಿಯ ಮಹನೀಯರು ಬೆಳಗಿನ ಜಾವ ಲುಂಗಿಯುಟ್ಟು ಕಾದು ನಿಂತದ್ದನ್ನು ನಾನು ನೋಡಿದ್ದೇನೆ. ನಾನೂ ಅವರ ಜೊತೆಯಲ್ಲೇ ನಿಂತಿದ್ದೆ.

ಕಾಯಿದೆ ಇಲ್ಲವೆ ಎಂದು ಕೇಳಬಹುದು. ಉಂಟು, ಒಳ್ಳೆಯ ಕಾಯಿದೆಯೇ ಉಂಟು. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯಿದೆಗೆ ಒಂದು ತಿದ್ದುಪಡಿ ಬಂತು. 30×40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನದಲ್ಲಿ ಹೊಸ ಮನೆ ಕಟ್ಟುವವರು, 60×40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನದಲ್ಲಿ ಆಗಲೇ ಮನೆಯುಳ್ಳವರು, ಮಳೆನೀರನ್ನು ಹಿಡಿದಿಡಬೇಕು, ಇಲ್ಲವೆ ನೆಲಕ್ಕೆ ಇಂಗಿಸಬೇಕು. ಎಷ್ಟನ್ನು? ತಾರಸಿಯ ಚದರ ಮೀಟರಿಗೆ 60 ಲೀಟರು, ಕಲ್ಲು ಹಾಸಿದ ಅಂಗಳದ ಚದರ ಮೀಟರಿಗೆ 30 ಲೀಟರು ಎಂದು ಮಂಡಳಿಯ ನಿಯಮ ಗೊತ್ತುಮಾಡಿತು. ಈ ಅಂಕಿಯನ್ನು ಬಿಡಿಸಿ ನೋಡಿ: ಚದರ ಮೀಟರಿಗೆ 60 ಲೀಟರೆಂದರೆ 60 ಮಿಲಿಮೀಟರು ಮಳೆ. ಅಂದರೆ, ‘ಅಯ್ಯಾ, ನಿನ್ನ ಸೂರಿನ ಮೇಲೆ ಬಿದ್ದ ಮೊದಲ 60 ಮಿಲಿಮೀಟರು ನಿನ್ನ ಮನೆಯ ಅತಿಥಿ, ಬೀದಿಗೆ ತಳ್ಳಬೇಡ’ ಎಂದು ಕಾಯಿದೆ ಹೇಳುತ್ತಿದೆ. ವರ್ಷದಲ್ಲಿ 60 ಮಿಲಿಮೀಟರನ್ನು ಮೀರುವ ಮಳೆಗಳನ್ನು ಬೆರಳಿನಲ್ಲಿ ಎಣಿಸಬಹುದು. ಬೀದಿಯವರೆಲ್ಲ ಈ ಒಂದು ಮಾತನ್ನು ನಡೆಸಿದ್ದರೆ ರಾಯರು ಮಳೆಗಾಲದ ರಾತ್ರಿಗಳಲ್ಲಿ ಬ್ಯಾಟರಿ ಹಿಡಿದು ಗೇಟಿನ ಬಳಿ ಕೂರಬೇಕಾಗುತ್ತಿರಲಿಲ್ಲ.

ನಡೆಸುವ ರೀತಿ ಬೇರೆ. ಬೀದಿಯ ಮೇಲ್ತುದಿಯಲ್ಲಿ ಹೊಸದಾಗಿ ಮೂರಂತಸ್ತು ಎಬ್ಬಿಸಿದವರು ಸಜ್ಜನರು. ಗೃಹಪ್ರವೇಶಕ್ಕೆ ಬೀದಿಗೆಲ್ಲ ಊಟ ಹಾಕಿದರು. ಹೋಳಿಗೆ ಚೆನ್ನಾಗಿತ್ತು. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಇಂಗುಗುಂಡಿಯ ವಿಷಯ ಕೇಳಿದೆ. “ಇದೆಯಲ್ಲ ಸಾರ್, ಪ್ಲಾನಿನಲ್ಲೇ ತೋರಿಸಿದ್ದೇವೆ” ಎಂದರು. ನೆಲದಲ್ಲಿ ಎಲ್ಲಿದೆ ಎಂದೆ. ಕಾರು ನಿಂತಿದ್ದ ಕಡೆಗೆ ಕೈ ತೋರಿಸಿದರು. ಗುಂಡಿಯನ್ನು ತೋಡಿದ್ದೂ ನಿಜ, ಕಚೇರಿಯವರು ಬಂದು ನೋಡಿ ಹೋದದ್ದೂ ನಿಜ. ಆಮೇಲೆ ಗಾರೆಯ ಚೂರು, ಒಡೆದ ಹಂಚು ಅದರ ಹೊಟ್ಟೆ ಸೇರಿ, ಮೇಲೆ ಗ್ರಾನೈಟ್ ಕೂತಿತು. “ಅಲ್ಲ ಸಾರ್, ನಮ್ಮದೊಂದು ಮನೆಯ ನೀರು ಎಷ್ಟು ಮಹಾ?” ಎಂದು ಅವರು ಬಹಳ ಪ್ರಾಮಾಣಿಕವಾಗಿಯೇ ಕೇಳಿದರು. ನಮ್ಮ ಬೀದಿಯ ಯಾವ ಮನೆಯಲ್ಲಿ ಕೇಳಿದರೂ ಇದೇ ಉತ್ತರ ಬರುತ್ತದೆ. ಅವರವರ ಮಟ್ಟಿಗೆ ಎಲ್ಲರ ಉತ್ತರವೂ ಸರಿ. ಕೆಲವರು ನೀರಿನ ಬಿಲ್ಲಿನೊಡನೆ ದಂಡವನ್ನೂ ಕಟ್ಟಿ ನಿಶ್ಚಿಂತರಾಗಿದ್ದಾರೆ. ದಂಡ ಕಟ್ಟಿದ ರಸೀತಿಯನ್ನು ತೋರಿಸಿದರೆ ನೀರು ದಾರಿ ಬದಲಿಸುವುದೇ?

ಇನ್ನೊಬ್ಬರು ವಕೀಲರು. ಮೇಲಿನವನ ನೀರು ಕೆಳಗಿನವನ ನೆಲಕ್ಕೆ ಹರಿಯುವುದು ಮೇಲಿನವನ ಹಕ್ಕೆಂದು 1882ರ ಈಸ್‌ಮೆಂಟ್ ಕಾಯಿದೆಯನ್ನೇ ತೆಗೆದಿಟ್ಟರು. ನಾನು ಆ ಪುಸ್ತಕವನ್ನು ಎರವಲು ತಂದು ಓದಿದೆ. ಹಕ್ಕು ಉಂಟು, ಸುಳ್ಳಲ್ಲ. ಆದರೆ ಆ ವಾಕ್ಯದಲ್ಲಿ ‘ಸಹಜವಾಗಿ’ ಎಂಬರ್ಥದ ಒಂದು ಮಾತಿದೆ. ನೆಲಕ್ಕೆ ಸಹಜವಾಗಿ ಬಿದ್ದು ಸಹಜವಾಗಿ ಹರಿಯುವ ನೀರಿಗೆ ಆ ಹಕ್ಕು. ನಾಲ್ಕಿಂಚಿನ ಕೊಳವೆಯಿಂದ ಧುಮುಕಿ ಗ್ರಾನೈಟಿನ ಮೇಲೆ ಜಾರುಬಂಡೆಯಾಡಿ ಬರುವ ನೀರಿನಲ್ಲಿ ಸಹಜವಾದದ್ದು ಏನಿದೆ?

ನಮ್ಮ ಹಿಂದಿನವರು ಹಕ್ಕಿನ ಮಾತಿಗಿಂತ ಕೋಡಿಯ ಮಾತು ಹೆಚ್ಚು ಆಡಿದರು. ಒಂದು ಕೆರೆ ತನ್ನ ಪಾಲನ್ನು ತುಂಬಿಕೊಂಡು, ಮಿಕ್ಕದ್ದನ್ನು ಕೋಡಿಯ ಮೇಲೆ ಕೆಳಗಿನ ಕೆರೆಗೆ ಬಿಡಬೇಕು. ಅದು ತುಂಬಿ ಇನ್ನೂ ಕೆಳಗಿನದಕ್ಕೆ. ಈ ಕೆರೆಗಳನ್ನು ಹೆಣೆದ ಹಗ್ಗವೇ ರಾಜಕಾಲುವೆ. ತೂಬು ನೋಡಿಕೊಳ್ಳಲು ನೀರುಗಂಟಿ. ಅವನ ಕೂಲಿಗೆ ರೈತರ ಕಣದಿಂದ ಕಾಳು. ಕೆರೆಯ ರಕ್ಷಣೆಗೆಂದು ಬಿಟ್ಟ ಭೂಮಿಗೆ ಶಾಸನಗಳಲ್ಲಿ ‘ಬಿತ್ತುವಟ್ಟ’ವೆಂಬ ಹೆಸರುಂಟು; ಆ ಧರ್ಮಕ್ಕೆ ಅಳುಪಿದವನಿಗೆ ಕೊನೆಯಲ್ಲಿ ಘೋರವಾದ ಶಾಪವೂ ಉಂಟು. ಬೆಂಗಳೂರಿನಲ್ಲಿ ಕೋಡಿಹಳ್ಳಿಯೆಂಬ ಹೆಸರು ಉಳಿದಿದೆ. ‘ಸಮುದ್ರ’ವೆಂದು ಕೆರೆಯನ್ನು ಕರೆದು, ಬಾಯಲ್ಲಿ ಸವೆದು ‘ಸಂದ್ರ’ವಾದ ಊರುಗಳು ಉಳಿದಿವೆ. ಕೆರೆಗಳು ಅಷ್ಟು ಉಳಿಯಲಿಲ್ಲ. ಧರ್ಮಾಂಬುಧಿಯಲ್ಲಿ ಬಸ್ಸು ನಿಲ್ಲುತ್ತವೆ. ಸಂಪಂಗಿ ಕೆರೆಯಲ್ಲಿ ಹುಡುಗರು ಓಡುತ್ತಾರೆ. ರಾಜಕಾಲುವೆಯ ಪಕ್ಕ ಎಷ್ಟು ಜಾಗ ಬಿಡಬೇಕು, ಕೆರೆಯ ಅಂಚಿನಲ್ಲಿ ಎಷ್ಟು ಎಂಬುದು ನ್ಯಾಯಾಲಯದ ಮೆಟ್ಟಿಲೇರಿತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರು ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು, ಮಹಾಯೋಜನೆಯ 30 ಮೀಟರೇ ನಿಂತಿತು. ಮೀಟರುಗಳ ಈ ವ್ಯಾಜ್ಯ ದೊಡ್ಡದೇ. ಆದರೆ ರಾಜಕಾಲುವೆಗೆ ಬರುವ ನೀರು ಹೊರಡುವುದು ನಮ್ಮ ನಮ್ಮ ಸೂರಿನಿಂದ. ಹಿಂದೆ ಊರಿಗೊಂದು ಕೋಡಿಯಿದ್ದಂತೆ ಈಗ ಮನೆಗೊಂದು ಕೋಡಿ ಬೇಕಾಗಿದೆ. 60 ಲೀಟರಿನ ನಿಯಮದ ತಾತ್ಪರ್ಯ ಇಷ್ಟೇ.

2022ರ ಸೆಪ್ಟೆಂಬರ್ 4ರ ರಾತ್ರಿ ಊರಿಗೆ 130 ಮಿಲಿಮೀಟರಿಗೂ ಹೆಚ್ಚು ಮಳೆಯಾಯಿತು. ಊರಿನ ಪೂರ್ವಕ್ಕೆ ಕೋಟ್ಯಧೀಶರ ಬಂಗಲೆಗಳಿಂದ ಜನರನ್ನು ಟ್ರಾಕ್ಟರಿನಲ್ಲೂ ದೋಣಿಯಲ್ಲೂ ಹೊರಕ್ಕೆ ತಂದ ಚಿತ್ರಗಳನ್ನು ಓದುಗರು ಮರೆತಿರಲಾರರು. ನಮ್ಮ ಬೀದಿಯ ಚಿತ್ರವನ್ನು ಯಾರೂ ತೆಗೆಯಲಿಲ್ಲ. ರಾಯರ ಮನೆಯಲ್ಲಿ ಮೊಣಕಾಲುದ್ದ ನೀರು. ಅವರ ಪತ್ನಿ ಮದುವೆಗೆ ತಂದ ಹಾರ್ಮೋನಿಯಂ ಮಂಚದಡಿ ತೇಲಿತು. ಒಣಗಿದ ಮೇಲೆ ಅದರಲ್ಲಿ ಉಸಿರಿತ್ತು, ಸ್ವರವಿರಲಿಲ್ಲ. ಆಕೆ ಅದನ್ನು ಗುಜರಿಯವನಿಗೆ ಕೊಡಲೊಲ್ಲದೆ ಅಟ್ಟಕ್ಕೆ ಹಾಕಿಸಿದರು. ಅಷ್ಟು ಮಳೆಯನ್ನು ಗುಂಡಿಗಳು ಪೂರ್ತಿ ತಡೆಯುತ್ತಿದ್ದುವೆಂದು ನಾನು ಹೇಳಲಾರೆ. ಹತ್ತಿರ ಹತ್ತಿರ ಅರ್ಧವನ್ನು ತಡೆದು, ಮಿಕ್ಕದ್ದನ್ನು ತಡವಾಗಿ ಕಳುಹಿಸುತ್ತಿದ್ದುವು. ಮೊಣಕಾಲಿಗೂ ಹಿಮ್ಮಡಿಗೂ ನಡುವೆ ಒಂದು ಹಾರ್ಮೋನಿಯಂ ಉಳಿಯುವಷ್ಟು ಅಂತರವಿದೆ.

ಆಮೇಲೆ ರಾಯರು ಎಲ್ಲರೂ ಮಾಡುವುದನ್ನೇ ಮಾಡಿದರು: ಪಿಂಚಣಿಯ ದುಡ್ಡಿನಲ್ಲಿ ಗೇಟಿನ ಬಳಿ ಎರಡು ಅಡಿ ಕಟ್ಟೆ ಕಟ್ಟಿಸಿದರು. ಮರುವರ್ಷದ ಮಳೆಗೆ ನೀರು ಅಲ್ಲಿ ತಡೆದು, ತಿರುಗಿ, ಬೀದಿಯಾಚೆ ಕಾಲುವೆಯ ಮಗ್ಗುಲಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದ ಗಾರೆ ಕೆಲಸದವರ ಒಲೆಗೆ ನುಗ್ಗಿತು. ನಮ್ಮ ಬೀದಿಯ ಮನೆಗಳನ್ನೆಲ್ಲ ಕಟ್ಟಿದವರು ಅವರೇ. ಕಟ್ಟೆ ಕಟ್ಟಿಕೊಳ್ಳಲು ಅವರಿಗೆ ನಿವೇಶನವೂ ಇಲ್ಲ, ಅಷ್ಟಭೋಗವೂ ಇಲ್ಲ. ರಾಯರು ಅದನ್ನು ನೋಡಿ ಬಂದು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಹೊಸ್ತಿಲು ಎತ್ತರಿಸುವ ಈ ಪಂದ್ಯದಲ್ಲಿ ಕೊನೆಗೆ ನೀರು ಸೇರುವುದು ಎತ್ತರಿಸಲಾರದವನ ಮನೆಯನ್ನೇ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ನಮ್ಮ ಮನೆಯಲ್ಲಿ ಒಂದು ಇಂಗುಬಾವಿ ತೋಡಿಸಿದೆವು. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಭೋವಿ ಜನ ಬಂದು, ಮೂರಡಿ ಅಗಲ, 20 ಅಡಿ ಆಳ ತೋಡಿ ಸಿಮೆಂಟಿನ ಬಳೆಗಳನ್ನು ಇಳಿಸಿದರು. ಅದು ಸುಮಾರು 4000 ಲೀಟರು ಹಿಡಿಯುತ್ತದೆ, ಹಿಡಿದದ್ದನ್ನು ಒಂದೆರಡು ದಿನದಲ್ಲಿ ಮಣ್ಣಿಗೆ ಒಪ್ಪಿಸುತ್ತದೆ. ಮಳೆಗಾಲಕ್ಕೆ ಮುಂಚೆ ಜಲ್ಲಿ ತೊಳೆದು ಎಲೆ, ಹೂಳು ತೆಗೆಯಬೇಕು. ಇದನ್ನು ಮರೆತರೆ ಬಾವಿಯಲ್ಲಿ ಸೊಳ್ಳೆ ಬಿಟ್ಟು ಬೇರೇನೂ ಇಂಗುವುದಿಲ್ಲ. ಬಾವಿಯೊಳಗಿಂದ ಮೇಲೆ ಬಂದ ಮುದುಕ ಕೈಯ ಮಣ್ಣು ಒರೆಸಿಕೊಳ್ಳುತ್ತ, “ನೆಲ ಬಾಯಾರಿ ಕೂತೈತೆ ಸ್ವಾಮಿ, ನೀವು ಅದರ ಬಾಯಿಗೆ ಕಲ್ಲು ಮುಚ್ಚೀರಿ” ಎಂದ. ಅಷ್ಟು ಒಳ್ಳೆಯ ಕನ್ನಡದಲ್ಲಿ ಆ ನಿಯಮವನ್ನು ಯಾರೂ ಬರೆದಿಲ್ಲ.

ನನ್ನದು ಒಂದು ಸಣ್ಣ ಸಲಹೆ. ಮನೆಯ ನಕ್ಷೆಗೆ ಈಗ ಎಷ್ಟೋ ಕಡೆಯ ಒಪ್ಪಿಗೆ ಬೇಕು. ಅವುಗಳ ಜೊತೆಗೆ ಇನ್ನೊಂದು ರುಜು ಸೇರಲಿ: ಆ ಬೀದಿಯ ಕಟ್ಟಕಡೆಯ ತಗ್ಗಿನ ಮನೆಯವರದು. ಗುಂಡಿ ಎಲ್ಲಿದೆ, ಹೊಟ್ಟೆಯಲ್ಲಿ ಏನಿದೆ ಎಂಬುದನ್ನು ಅವರು ಇಣುಕಿ ನೋಡಿ, ಒಂದು ಕೊಡ ನೀರು ಸುರಿದು, ಇಂಗಿದ್ದನ್ನು ಕಂಡು ರುಜು ಹಾಕಲಿ. ಎಂಜಿನಿಯರರಿಗಿಂತ ಅವರು ಹೆಚ್ಚು ನಿಷ್ಠುರರಾಗಿರುತ್ತಾರೆ, ಲಂಚವನ್ನಂತೂ ಮುಟ್ಟುವುದಿಲ್ಲ. ತಮ್ಮ ಮನೆಯೊಳಗೆ ನೀರು ಬರಲೆಂದು ಯಾರು ಲಂಚ ತೆಗೆದುಕೊಳ್ಳುತ್ತಾರೆ? ಹೀಗಾದರೆ ನಮ್ಮ ರಾಯರ ಕಟ್ಟೆಯನ್ನು ಒಂದು ದಿನ ಒಡೆಸಬಹುದು. ಅಲ್ಲಿಯವರೆಗೆ, ಹೊಸ ಮನೆ ಕಟ್ಟುವವರು ಗೃಹಪ್ರವೇಶದ ಕರೆಯೋಲೆಯನ್ನು ಹಂಚುವಾಗ ಬೀದಿಯ ಕೆಳತುದಿಯಿಂದ ಆರಂಭಿಸಿದರೂ ಸಾಕು. ತಮ್ಮ ಮನೆಯ ನೀರು ಹಿಡಿಯುವ ದಾರಿಯಲ್ಲಿ ಒಮ್ಮೆ ಕಾಲ್ನಡಿಗೆಯಲ್ಲಿ ಹೋಗಿಬಂದಂತಾಗುತ್ತದೆ.