ರೊಟ್ಟಿ ಎಲ್ಲಿಗೆ ಹೋಯಿತು?

ನಮ್ಮ ರಾಯಚೂರು ಜಿಲ್ಲೆಯಲ್ಲಿ ‘ದಿನ್ನಿ’ ಎಂದು ಮುಗಿಯುವ ಹೆಸರಿನ ಊರುಗಳು ಬಹಳ. ದಿನ್ನಿ ಎಂದರೆ ದಿಬ್ಬ, ಏರು ನೆಲ. ನನ್ನೂರು ವಳಕಮದಿನ್ನಿ. ಹೆಸರಿನಲ್ಲೇ ಏರು ಇರುವ ಊರಿನಲ್ಲಿ ಹುಟ್ಟಿಯೂ ಭಾರ ಮತ್ತು ಎತ್ತರದ ಲೆಕ್ಕ ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಒಂಬತ್ತನೆಯ ತರಗತಿಯಲ್ಲಿದ್ದಾಗಿನ ಮಾತು. ವಿಜ್ಞಾನದ ಮಾಸ್ತರರು ‘ಕೆಲಸ = ಬಲ × ಸ್ಥಾನಪಲ್ಲಟ’ ಎಂದು ಬೋರ್ಡಿನ ಮೇಲೆ ಬರೆದರು. ಬಲದ ದಿಕ್ಕಿನಲ್ಲಿ ವಸ್ತು ಸರಿದರೆ ಮಾತ್ರ ಆ ಬಲ ಕೆಲಸ ಮಾಡಿದಂತೆ. ಹಾಗಾದರೆ ಚೀಲ ಹೊತ್ತು ಸಮತಟ್ಟಾದ ನೆಲದ ಮೇಲೆ ನಡೆಯುವ ಹಮಾಲ ಗುರುತ್ವದ ವಿರುದ್ಧ ಮಾಡಿದ ಕೆಲಸವೆಷ್ಟು? ಅವನ ಬಲ ಮೇಲಕ್ಕೆ, ನಡಿಗೆ ಅಡ್ಡಕ್ಕೆ, ನಡುವೆ ಲಂಬಕೋನ. ಉತ್ತರ: ಸೊನ್ನೆ.

ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ. ಆದರೆ ನನ್ನ ಅಪ್ಪ ಸುಗ್ಗಿಯ ದಿನಗಳಲ್ಲಿ ಸಿಂಧನೂರಿಗೆ ಹೋಗಿ ಭತ್ತದ ಚೀಲ ಹೊರುವ ಹಮಾಲ.

ರಾತ್ರಿ ಊಟಕ್ಕೆ ಕೂತಾಗ ತಡೆಯಲಾರದೆ ಹೇಳಿಬಿಟ್ಟೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಮಾತ್ರ ನಕ್ಕ. ‘ಈ ಸುದ್ದಿ ಸಾವ್ಕಾರಗ ಹೇಳಬ್ಯಾಡಪಾ, ಕೂಲಿ ಕೊಡೋದು ಬಿಟ್ಟಾನು’ ಎಂದ. ಆಮೇಲೆ ಕೈಯಲ್ಲಿದ್ದ ತುತ್ತನ್ನು ನೋಡುತ್ತ ಕೇಳಿದ: ‘ಕೆಲಸ ಸೊನ್ನೆ ಅಂದ್ರ, ನಾ ತಿಂದ ರೊಟ್ಟಿ ಎಲ್ಲಿಗೆ ಹೋತು?’

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಮಾಸ್ತರರನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅಪ್ಪ ಹಮಾಲನೆಂದು ಗೆಳೆಯರಿಗೆಲ್ಲ ಗೊತ್ತಾಗುತ್ತದಲ್ಲ ಎಂಬ ನಾಚಿಕೆ. ಪರೀಕ್ಷೆಯಲ್ಲಿ ‘ಸೊನ್ನೆ’ ಎಂದು ಬರೆದು ಅಂಕ ಪಡೆದೆ. ಆ ಅಂಕದ ನೆನಪು ಇಂದಿಗೂ ಚುಚ್ಚುತ್ತದೆ.

ಕಾಲೇಜಿಗೆ ಹೋದ ಮೇಲೆ ಒಂದು ದಿನ ಅಪ್ಪನ ಲೆಕ್ಕ ಹಾಕಲು ಕೂತೆ. ಭತ್ತದ ಚೀಲ 75 ಕಿಲೋ. ಹಲಗೆ ಏರಿ ಲಾರಿಯಲ್ಲಿ ಅದನ್ನು 2 ಮೀಟರ್ ಎತ್ತರಕ್ಕೆ ಮುಟ್ಟಿಸಿದರೆ, 75 × 9.8 × 2, ಅಂದರೆ 1,470 ಜೂಲ್ ಕೆಲಸ. ದಿನಕ್ಕೆ 200 ಚೀಲ ಎಂದುಕೊಂಡರೂ 2,94,000 ಜೂಲ್. ಒಂದು ಯುನಿಟ್ ಕರೆಂಟು ಎಂದರೆ 36 ಲಕ್ಷ ಜೂಲ್! ಅಪ್ಪ ದಿನವಿಡೀ ಬೆನ್ನು ಬಗ್ಗಿಸಿ ಎತ್ತಿದ್ದು ಒಂದು ಯುನಿಟ್ಟಿನ ಹನ್ನೆರಡನೆಯ ಒಂದು ಪಾಲು. ಆಹಾರದ ಲೆಕ್ಕದಲ್ಲಿ ಸುಮಾರು 70 ಕ್ಯಾಲೊರಿ, ಅರ್ಧ ಜೋಳದ ರೊಟ್ಟಿ. ಅಪ್ಪ ತಿನ್ನುತ್ತಿದ್ದದ್ದು ಅರ್ಧ ರೊಟ್ಟಿಯಲ್ಲ. ಅವನ ಪ್ರಶ್ನೆ ಮತ್ತೆ ಎದುರಿಗೆ ನಿಂತಿತು.

ಉತ್ತರ ಸ್ನಾಯುಗಳಲ್ಲಿತ್ತು. ಚೀಲವನ್ನು ಗೂಟಕ್ಕೆ ತೂಗುಹಾಕಿದರೆ ಗೂಟ ದಣಿಯುವುದಿಲ್ಲ, ಅದಕ್ಕೆ ಹಸಿವೂ ಇಲ್ಲ. ಮನುಷ್ಯನ ಮೈ ಗೂಟವಲ್ಲ. ಭಾರ ಹೊತ್ತು ಸುಮ್ಮನೆ ನಿಂತರೂ ಸ್ನಾಯುವಿನ ಎಳೆಗಳು ಒಂದೇ ಸಮನೆ ಬಿಗಿಯುತ್ತ ಸಡಿಲುತ್ತ ಇರುತ್ತವೆ. ಅದಕ್ಕೆ ಅನ್ನದ ಶಕ್ತಿ ಬೇಕು. ಹೆಜ್ಜೆ ಹೆಜ್ಜೆಗೂ ಮೈ ತುಸು ಏರುತ್ತದೆ, ಇಳಿಯುತ್ತದೆ. ಹಲಗೆ ಏರುವಾಗ ಚೀಲದ ಜೊತೆ ತನ್ನ ಮೈಯನ್ನೂ ಎತ್ತಬೇಕು. ಸ್ನಾಯು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಕೆಲಸವಾಗುತ್ತದೆ, ಉಳಿದದ್ದು ಶಾಖ. ಶಕ್ತಿ ನಾಶವಾಗಿರಲಿಲ್ಲ, ರೂಪ ಬದಲಿಸಿತ್ತು.

ಹಾಗಾದರೆ ಪುಸ್ತಕ ಸುಳ್ಳೇ? ಅಲ್ಲ. ಅದರ ‘ಕೆಲಸ’ ಹುಟ್ಟಿದ್ದು ಯಂತ್ರಗಳ ನಡುವೆ. ಹದಿನೆಂಟನೆಯ ಶತಮಾನದಲ್ಲಿ ಉಗಿಯಂತ್ರಗಳು ಗಣಿಯ ನೀರನ್ನು ಮೇಲೆತ್ತುತ್ತಿದ್ದವು. ಎಷ್ಟು ಭಾರವನ್ನು ಎಷ್ಟು ಎತ್ತರಕ್ಕೆ ಎತ್ತಿತು ಎಂಬುದೇ ಯಂತ್ರದ ಯೋಗ್ಯತೆ. ಆ ಅಳತೆಗೆ ಫ್ರಾನ್ಸಿನ ಕೊರಿಯೊಲಿ 1829ರಲ್ಲಿ ‘ಕೆಲಸ’ ಎಂಬ ಹೆಸರನ್ನು ನೆಲೆಗೊಳಿಸಿದ. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯಲ್ಲಿ ಚಿನ್ನದ ಅದಿರು ಎತ್ತುವ ಯಂತ್ರಕ್ಕೂ ಈ ಲೆಕ್ಕ ಸರಿ. ಸಿಂಧನೂರಿನ ಭತ್ತಕ್ಕೆ ನೀರು ತರುವ ತುಂಗಭದ್ರಾ ಎಡದಂಡೆ ಕಾಲುವೆಗೂ ಸರಿ. ಅಲ್ಲಿ ನೀರು ಎತ್ತರದಿಂದ ತಗ್ಗಿಗೆ ಹರಿಯುವಾಗ ಕೆಲಸ ಮಾಡುವುದು ಗುರುತ್ವವೇ. ಅದೇ ನೀರು ಬೆಳೆದ ಭತ್ತವನ್ನು ಲಾರಿಗೆ ಏರಿಸುವಾಗ ಮಾತ್ರ ಅಪ್ಪ ಆ ಗುರುತ್ವವನ್ನು ಎದುರಿಸಬೇಕು. ಸೂತ್ರ ಅಳೆದದ್ದು ಚೀಲಕ್ಕೆ ಸಿಕ್ಕ ಶಕ್ತಿಯನ್ನು, ಅಪ್ಪನ ಶ್ರಮವನ್ನಲ್ಲ. ಎರಡಕ್ಕೂ ಒಂದೇ ಮಾತು ಬಳಸಿದ್ದರಿಂದ ನಾನು ಗಲಿಬಿಲಿಗೊಂಡಿದ್ದೆ.

ಮಕ್ಕಳೇ, ಪರೀಕ್ಷೆಯಲ್ಲಿ ‘ಸೊನ್ನೆ’ ಎಂದೇ ಬರೆಯಿರಿ, ಅದು ಸರಿ. ಆದರೆ ಮನೆಯಲ್ಲಿ ಯಾರಾದರೂ ‘ರೊಟ್ಟಿ ಎಲ್ಲಿಗೆ ಹೋಯಿತು’ ಎಂದು ಕೇಳಿದರೆ, ಆ ಪ್ರಶ್ನೆಯನ್ನು ನಾಚದೆ ತರಗತಿಗೆ ಒಯ್ಯಿರಿ. ಶಕ್ತಿ ಸಂರಕ್ಷಣೆಯ ಪಾಠ ಶುರುವಾಗುವುದೇ ಅಲ್ಲಿಂದ. ಓದು ಬಾರದ ಅಪ್ಪ ಆ ಪಾಠದ ಬಾಗಿಲಿಗೇ ಬಂದು ನಿಂತಿದ್ದ, ತೆರೆಯದವನು ನಾನು.

ರಜೆಗೆ ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ ಇದೆಲ್ಲವನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ. ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಹೇಳಿದ: ‘ಬೆವರಿನಾಗ ಹೋತು ಅನ್ನು. ಅಷ್ಟು ನನಗೂ ಗೊತ್ತಿತ್ತೋ ತಮ್ಮಾ.’