ಒಂಬತ್ತು ಗಂಟೆಯ ಗೇಟು

ಸಿನಿಮಾಗೆ ಜಾನರ್ ಅಂತ ಒಂದು ಹಣೆಪಟ್ಟಿ ಯಾಕೆ ಬೇಕು, ಒಳ್ಳೇದು ಕೆಟ್ಟದ್ದು ಅಂತ ಎರಡೇ ಸಾಲದಾ ಅಂತ ಗೆಳೆಯ ಕೇಳ್ತಿದ್ದ. ಸಾಲದು ಅನ್ನೋದು ನನ್ನ ವಾದ.

1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಮೈಮೇಲೆ ಬರೋದು ನಿಜವಾದ ದೆವ್ವ. 2004ರ ‘ಆಪ್ತಮಿತ್ರ’ದಲ್ಲಿ ಸೌಂದರ್ಯ ನಾಗವಲ್ಲಿಯಾಗೋದು ಮನಸ್ಸಿನ ಕಾಯಿಲೆಯಿಂದ, ಡಾಕ್ಟರ್ ಆಗಿ ಬಂದ ವಿಷ್ಣುವರ್ಧನ್ ಅದನ್ನ ಬಿಡಿಸಿ ಹೇಳ್ತಾರೆ. ಎರಡರಲ್ಲೂ ನಾವು ಹೆದರ್ತೀವಿ. ಆದ್ರೆ ಮೊದಲನೇ ಸಿನಿಮಾದ ಕೊನೆಗೆ ಯಾರೋ ಡಾಕ್ಟರ್ ಬಂದು ಮಾತ್ರೆ ಕೊಟ್ಟು ವಾಸಿ ಮಾಡಿದ್ರೆ ಟಿಕೆಟ್ ದುಡ್ಡು ವಾಪಸ್ ಕೇಳ್ತಿದ್ವಿ! ಈ ಕತೆಯೊಳಗೆ ಏನು ನಡೀಬಹುದು, ಏನು ನಡೀಬಾರದು ಅನ್ನೋ ಕರಾರೇ ಜಾನರ್. ವೇರಿಯಬಲ್ ಯಾವ ಟೈಪು ಅಂತ ಮೊದಲೇ ಡಿಕ್ಲೇರ್ ಮಾಡ್ತೀವಲ್ಲ, ಹಾಗೆ. (ಜಾವಾಸ್ಕ್ರಿಪ್ಟ್‌ನವರು ಕ್ಷಮಿಸಿ :)

ಈ ಚರ್ಚೆ ಎದ್ದಿದ್ದು ಸುಮ್ಮನೆ ಅಲ್ಲ. ನಾನು ಚಾಮರಾಜನಗರದವನು, ಅವನು ಗುಂಡ್ಲುಪೇಟೆಯವನು. ಇಬ್ಬರೂ ಸೇರಿ ಇಪ್ಪತ್ತು ನಿಮಿಷದ ಒಂದು ಹಾರರ್ ಕಿರುಚಿತ್ರ ಮಾಡಬೇಕು ಅಂತಿದ್ದೀವಿ. ಜಾಗ ಹುಡುಕೋ ಕಷ್ಟವೇ ಇಲ್ಲ. ಗುಂಡ್ಲುಪೇಟೆಯಿಂದ ಊಟಿಗೊಂದು, ವಯನಾಡಿಗೊಂದು ರಸ್ತೆ ಕವಲೊಡೆದು ಬಂಡೀಪುರದ ಕಾಡಿಗೆ ಇಳಿಯುತ್ತೆ. ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯೋದು ಹೆಚ್ಚಾಗಿ 2009ರಿಂದ ಎರಡೂ ಕಡೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ಬಂದ್. ಆಂಬ್ಯುಲೆನ್ಸ್ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸು ಬಿಟ್ರೆ ಯಾರೂ ಇಲ್ಲ. ದಿನಾ ಒಂದೇ ಹೊತ್ತಿಗೆ ಬೀಳೋ ಗೇಟು, ಆಚೆ ಬರೀ ಕತ್ತಲೆ. ಇದಕ್ಕಿಂತ ಒಳ್ಳೇ ಓಪನಿಂಗ್ ಸೀನ್ ಎಲ್ಲಿ ಸಿಗುತ್ತೆ?

ಗೆಳೆಯ ಸುತಾರಾಂ ಒಪ್ಪಲಿಲ್ಲ. “ಮೊದ್ಲೇ ನಮ್ ಜಿಲ್ಲೆ ಅಂದ್ರೆ ಅಪಶಕುನ ಅಂತಾರೆ. ಅದ್ರ ಮೇಲೆ ನೀನೊಂದು ದೆವ್ವ ಬುಡು!”

ಅವನು ಹೇಳಿದ್ದು ನಿಮಗೂ ಗೊತ್ತಿರುತ್ತೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳ್ಕೋತಾರೆ ಅನ್ನೋ ನಂಬಿಕೆ. 1997ರಲ್ಲಿ ಜಿಲ್ಲೆ ಹುಟ್ಟಿದಾಗ ಜೆ.ಎಚ್. ಪಟೇಲರು ಉದ್ಘಾಟನೆ ಮಾಡಿದ್ದು ಊರಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಬಂದು ಕುರ್ಚಿ ಕಳ್ಕೊಂಡೋರನ್ನ ಎಲ್ಲರೂ ಎಣಿಸಿದ್ರು, ಬಾರದೇ ಕಳ್ಕೊಂಡೋರನ್ನ ಯಾರೂ ಎಣಿಸಲಿಲ್ಲ. 2013ರಿಂದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದ್ರು, 2018ಕ್ಕೆ ಐದು ವರ್ಷ ಪೂರ್ತಿ ಮುಗಿಸಿದ್ರು. ಆದ್ರೂ ಬೆಂಗಳೂರಲ್ಲಿ ನನ್ನೂರಿನ ಹೆಸರು ಹೇಳಿದ್ರೆ ಇವತ್ತಿಗೂ ಮೊದಲು ಬರೋದು ಅದೇ ಜೋಕು. ನಮ್ಮನ್ನ ಕೇಳದೆ ಯಾರೋ ನಮ್ಮೂರನ್ನ ಹಾರರ್ ಜಾನರ್‌ಗೆ ಸೇರಿಸಿಬಿಟ್ಟಿದ್ದಾರೆ.

ಹಾಗಾದ್ರೆ ಹಾರರ್ ಬಿಟ್ಟು ಲವ್ ಸ್ಟೋರಿ ಮಾಡೋಣ ಅಂದ ಅವನು. ನಂಗೆ ಮನಸ್ಸಿಲ್ಲ. ಈ ಜಾನರ್‌ನಲ್ಲಿ ನೋಡ್ಬೇಕಾಗಿರೋದು ಯಾರ ಭಯ, ಯಾರ ಕಣ್ಣಲ್ಲಿ ಅನ್ನೋದು. ಮಾಮೂಲಿ ಸಿನಿಮಾದಲ್ಲಿ ಕೆಂಗಣ್ಣಿನ ಹಳ್ಳಿ ಮುದುಕನೊಬ್ಬ ಲಾಂದ್ರ ಎತ್ತಿ “ಹೋಗ್ಬೇಡಿ” ಅಂತಾನೆ, ಪೇಟೆಯವರು ಹೋಗಿ ಸಾಯ್ತಾರೆ. ಗೆಳೆಯನ ದೊಡ್ಡಪ್ಪ ಕಾಡಂಚಲ್ಲಿ ಅಟ್ಟಣೆ ಹತ್ತಿ ರಾತ್ರಿಯೆಲ್ಲಾ ರಾಗಿ ಹೊಲ ಕಾಯೋರು. ಅವರಿಗೆ ಆನೆ ಭಯ, ಹಂದಿ ಭಯ. ಮೋಹಿನಿ ಬಗ್ಗೆ ಕೇಳಿದ್ರೆ ನಗ್ತಾರೆ.

ಅದಕ್ಕೇ ಓಪನಿಂಗ್ ಹೀಗೆ. ಎಂಟು ಐವತ್ತೆಂಟು. ಮದ್ದೂರು ಚೆಕ್‌ಪೋಸ್ಟ್. ಕೊನೇ ಕಾರು, ಒಳಗೆ ನಾಲ್ಕು ಜನ. ಗಾರ್ಡ್ ನಂಬರ್ ಬರ್ಕೊಂಡು “ಎಲ್ಲೂ ನಿಲ್ಲಿಸ್ಬೇಡಿ, ಇಳೀಬೇಡಿ” ಅಂತ ಹೇಳಿ ಬಿಡ್ತಾನೆ. ಗೇಟು ಬೀಳುತ್ತೆ. ಅವನು ಮುದ್ದೆ ಬಿಚ್ಚಿ ಊಟ ಮಾಡ್ತಾನೆ, ಮ್ಯೂಸಿಕ್ ಇಲ್ಲ, ಬರೀ ಜೀರುಂಡೆ. ಬೆಳಿಗ್ಗೆ ಆರಕ್ಕೆ ಗೇಟು ಎತ್ತೋಕೆ ಬಂದ್ರೆ ಸಾಲಿನಲ್ಲಿ ಮೊದಲು ನಿಂತಿರೋದು ಅದೇ ಕಾರು, ಕಾಡಿನ ಕಡೆಗೇ ಮುಖ ಮಾಡಿ. ಡ್ರೈವರ್ ರೇಗ್ತಾನೆ: “ರಾತ್ರಿಯೆಲ್ಲಾ ಕಾಯ್ಸಿದ್ರಲ್ರೀ!” ಗಾರ್ಡ್ ಪುಸ್ತಕ ತೆರೀತಾನೆ. ಅವನದೇ ಕೈಬರಹ, ಅದೇ ನಂಬರು, ಎಂಟು ಐವತ್ತೆಂಟು.

ಲೆಕ್ಕ ಸರಿಯಿರೋದು ಊರಿನವನ ಹತ್ರ. ಭಯ ಬಂದಿದ್ದು ಕಾರಿನ ಜೊತೆ. ಇಷ್ಟು ಹೇಳಿದ್ಮೇಲೆ ಗೆಳೆಯ ಒಪ್ಪಿದ.

ಅಸಲಿ ಗೇಟ್ ಹತ್ರ ರಾತ್ರಿ ಶೂಟಿಂಗು ನಮ್ಮಂಥೋರಿಗೆ ಆಗೋ ಮಾತಲ್ಲ. ದೊಡ್ಡಪ್ಪನ ಹೊಲದ ದಾರಿಗೆ ಒಂದು ಬೊಂಬು ಅಡ್ಡ ಕಟ್ಟಿ, ಎರಡು ಡ್ರಮ್ ಇಟ್ಟು ಗೇಟ್ ಮಾಡ್ತೀವಿ. ಗಾರ್ಡ್ ಪಾತ್ರಕ್ಕೆ ದೊಡ್ಡಪ್ಪನೇ. ಅವರದು ಒಂದೇ ಷರತ್ತು: ರಾಗಿ ಕಟಾವು ಮುಗಿಯೋವರೆಗೂ ಕ್ಯಾಮೆರಾ ತರಕೂಡದು.